ದೂರು ಬಾರದ ಪೋಲು

(ವಿದ್ಯಾರ್ಥಿ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಬರೆಹರೂಪ)



ಕಂಪ್ಯೂಟರಿನ ಒಳಗಿನ ತಂತ್ರಾಂಶವನ್ನು ಕುರಿತು ಈ ವೇದಿಕೆಯಿಂದ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಗದ್ದೆ, ತೋಟಗಳನ್ನು ನೀರಿಗೆ ಬಿಟ್ಟುಕೊಟ್ಟವರು ಮಲೆನಾಡಿನವರು. ಆ ವಿದ್ಯುತ್ತು ಎಲ್ಲಿ, ಹೇಗೆ ವ್ಯಯವಾಗುತ್ತದೆ ಎಂದು ಕೇಳುವ ಹಕ್ಕು ನಮಗಿದೆ. ಹಕ್ಕಿದ್ದರೆ ಸಾಲದು, ಎಲ್ಲಿ ನೋಡಬೇಕೆಂಬ ತಿಳಿವಳಿಕೆಯೂ ಬೇಕು. ಅಂತಹ ಒಂದು ಸಣ್ಣ ಜಾಗವನ್ನು ಇಂದು ತೋರಿಸುತ್ತೇನೆ.

ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನಲ್, ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡುವ ಮೂಲ ತಂತ್ರಾಂಶ. ಒಂದೊಂದು ಬಗೆಯ ಸಾಧನವನ್ನು ನಡೆಸಲು ಅದರಲ್ಲಿ ಒಂದೊಂದು ಡ್ರೈವರ್ ಇರುತ್ತದೆ. ಕಡತಗಳನ್ನು ಕೂಡಿಡುವ ಡಿಸ್ಕಿಗೂ ಹಾಗೆಯೇ. ಕಂಪ್ಯೂಟರ್ ನಡೆಯುತ್ತಿರುವಾಗಲೇ ಕೆಲಸವಿಲ್ಲದ ಭಾಗವನ್ನು ಮಾತ್ರ ಮಲಗಿಸಿ, ಬೇಕಾದಾಗ ಎಬ್ಬಿಸುವ ಸಾಮಾನ್ಯ ವ್ಯವಸ್ಥೆಯೊಂದು ೨೦೦೯ರಲ್ಲಿ ಈ ಕರ್ನಲ್‌ಗೆ ಸೇರಿತು. ಅದರ ಹೆಸರು ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್.

ಇದರ ಕ್ರಮ ಸರಳ. ನಾಲ್ಕು ಮನೆಗಳಿಗೆ ಒಂದೇ ಪಂಪು ಇದೆಯೆಂದುಕೊಳ್ಳಿ. ನೀರು ಬೇಕಾದವರು ಹಲಗೆಯ ಮೇಲೆ ಒಂದು ಗೆರೆ ಎಳೆಯಬೇಕು, ಕೆಲಸ ಮುಗಿದಾಗ ಅಳಿಸಬೇಕು. ಗೆರೆಗಳೆಲ್ಲ ಅಳಿದ ಮೇಲೆ ಪಂಪು ನಿಲ್ಲುತ್ತದೆ. ಕರ್ನಲ್ ಕೂಡ ಪ್ರತಿಯೊಂದು ಸಾಧನಕ್ಕೆ ಇಂತಹ ಒಂದು ಎಣಿಕೆಯನ್ನು ಇಟ್ಟಿರುತ್ತದೆ. ಎಣಿಕೆ ಸೊನ್ನೆಗೆ ಇಳಿದರೆ ಸಾಧನ ಮಲಗಬಹುದು.

ಡ್ರೈವರನ್ನು ಪರಿಶೀಲಿಸುವವರು ಮುಖ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಮೊದಲನೆಯದು, ಎಳೆದ ಗೆರೆಗಳೆಲ್ಲ ಅಳಿಯುತ್ತವೆಯೆ? ಹೆಚ್ಚು ಸಲ ಅಳಿಸಿದರೆ ಕೆಲಸದ ನಡುವೆಯೇ ಸಾಧನ ಮಲಗಬಹುದು; ಆಗ ದೂರು ಕೂಡಲೇ ಬರುತ್ತದೆ. ಅಳಿಸಲು ಮರೆತರೆ ಸಾಧನ ಎಂದೂ ಮಲಗದು; ಎಲ್ಲವೂ ಸರಿಯಾಗಿ ನಡೆಯುವುದರಿಂದ ಯಾರಿಂದಲೂ ದೂರು ಬಾರದು. ವಿದ್ಯುತ್ತು ಮಾತ್ರ ಸೋರುತ್ತಿರುತ್ತದೆ. ಸಾಧನವನ್ನು ಎಬ್ಬಿಸುವ 'ಗೆಟ್ ಸಿಂಕ್' ಎಂಬ ಆದೇಶವು, ಎಬ್ಬಿಸುವ ಯತ್ನ ವಿಫಲವಾದಾಗಲೂ ಎಣಿಕೆಯನ್ನು ಏರಿಸಿಬಿಡುತ್ತದೆ. ವಿಫಲವಾಯಿತೆಂದು ಹಿಂದಿರುಗುವಾಗ ಅದನ್ನು ಇಳಿಸಲು ಮರೆತ ಡ್ರೈವರ್‌ಗಳು ಅನೇಕ. ಅದಕ್ಕಾಗಿಯೇ ೨೦೨೦ರಲ್ಲಿ, ವಿಫಲವಾದರೆ ಎಣಿಕೆಯನ್ನು ತಾನೇ ಇಳಿಸುವ 'ರೆಸ್ಯೂಮ್ ಅಂಡ್ ಗೆಟ್' ಎಂಬ ಇನ್ನೊಂದು ಆದೇಶವನ್ನು ಸೇರಿಸಲಾಯಿತು.

ಎರಡನೆಯದು, ಮಲಗುವ ಮುನ್ನ ದತ್ತಾಂಶ ಭದ್ರವಾಗಿದೆಯೆ? ಬರೆಯಬೇಕಾದುದನ್ನು ಡಿಸ್ಕ್ ಸ್ವಲ್ಪ ಹೊತ್ತು ತನ್ನ ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಶಾಶ್ವತ ಸ್ಥಾನಕ್ಕೆ ಬರೆದ ನಂತರವೇ ಶಕ್ತಿಯನ್ನು ಕಡಿಯಬೇಕು. ಬರೆಯಲಾಗದಿದ್ದರೆ ನಿದ್ರೆಯನ್ನೇ ಕೈಬಿಡಬೇಕು. ಉಳಿತಾಯದ ಹೆಸರಿನಲ್ಲಿ ಒಬ್ಬರ ಲೆಕ್ಕಪತ್ರ ಅಳಿಯಬಾರದು.

ಮೂರನೆಯದು, ನಿದ್ರೆ ಅತಿಯಾಯಿತೆ? ತಿರುಗುವ ಡಿಸ್ಕನ್ನು ನಿಲ್ಲಿಸಿ ಮತ್ತೆ ತಿರುಗಿಸಲು ಹೆಚ್ಚಿನ ವಿದ್ಯುತ್ತು ಬೇಕು, ಯಂತ್ರವೂ ಸವೆಯುತ್ತದೆ. ಅನೇಕ ಡಿಸ್ಕುಗಳಲ್ಲಿ ಓದುವ ತಲೆಯನ್ನು ಬದಿಗೆ ಸರಿಸಿ ಮರಳಿ ತರುವ ಕ್ರಿಯೆಗೆ ತಯಾರಕರು ಕೊಡುವ ಮಿತಿ ೩ ಲಕ್ಷ ಸಲ. ಎರಡು ನಿಮಿಷಕ್ಕೊಮ್ಮೆ ಹೀಗಾದರೆ ಸುಮಾರು ೧೪ ತಿಂಗಳಲ್ಲಿ ಆ ಮಿತಿ ಮುಗಿಯುತ್ತದೆ. ಮುಂದೆ ಅದು ಎಲೆಕ್ಟ್ರಾನಿಕ್ ಕಸ. ಆದುದರಿಂದ ಕೊನೆಯ ಬಳಕೆಯಾದ ಮೇಲೆ ಸ್ವಲ್ಪ ಕಾಲ ಕಾದು ಮಲಗಿಸುವ ಕ್ರಮವಿದೆ. ಎಷ್ಟು ಕಾಲವೆಂಬುದನ್ನು ವಿವೇಚಿಸಿ ಗೊತ್ತುಮಾಡಬೇಕು.

ಲೆಕ್ಕವನ್ನು ಉತ್ಪ್ರೇಕ್ಷೆ ಮಾಡಬಾರದು. ದೊಡ್ಡ ಹಾರ್ಡ್ ಡಿಸ್ಕೊಂದು ಸುಮ್ಮನೆ ತಿರುಗುವಾಗ ಸುಮಾರು ೫ ವಾಟ್, ಮಲಗಿದಾಗ ಸುಮಾರು ೧ ವಾಟ್ ಬಳಸುತ್ತದೆಯೆಂದು ಇಟ್ಟುಕೊಳ್ಳೋಣ. ದಿನದಲ್ಲಿ ಅರ್ಧ ಹೊತ್ತು ಮಲಗಿದರೆ ವರ್ಷಕ್ಕೆ ಸುಮಾರು ೧೭ ಯೂನಿಟ್ ಉಳಿತಾಯ. ಅಂತಹ ೧೦ ಲಕ್ಷ ಡಿಸ್ಕುಗಳಿಂದ ಉಳಿಯುವುದು ಸರಾಸರಿ ೨ ಮೆಗಾವಾಟ್. ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ ೧,೦೩೫ ಮೆಗಾವಾಟ್. ಡಿಸ್ಕು ಮಲಗಿದರೆ ನದಿ ಉಳಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಈಗಿರುವುದನ್ನು ಪೋಲು ಮಾಡುತ್ತಲೇ ಇನ್ನಷ್ಟು ವಿದ್ಯುತ್ತು ಬೇಕೆಂದು ಬರುವವರ ಮುಂದೆ ಈ ಮೂರು ಪ್ರಶ್ನೆಗಳು ನಮಗೆ ಉಪಯೋಗಕ್ಕೆ ಬರುತ್ತವೆ: ಬಳಸಿದವರು ಬಿಟ್ಟುಕೊಟ್ಟರೆ? ಉಳಿಸುವಾಗ ಯಾರಿಗೆ ನಷ್ಟ? ಉಳಿತಾಯವೇ ಹೊಸ ಹಾನಿಗೆ ದಾರಿಯಾಯಿತೆ?

ಲಿನಕ್ಸ್‌ನ ಇನ್ನೊಂದು ಪಾಠವೂ ಉಂಟು. ಅಲ್ಲಿ ಬದಲಾವಣೆಯ ಪ್ರತಿ ಸಾಲು ಬಹಿರಂಗವಾಗಿರುತ್ತದೆ. ಓದಿ ಒಪ್ಪಿದವರು ತಮ್ಮ ಹೆಸರನ್ನು ಬರೆದು ಹೊಣೆ ಹೊರುತ್ತಾರೆ. ನದಿಕಣಿವೆಯ ಯೋಜನೆಗಳ ಕಡತಗಳೂ ಹೀಗೆಯೇ ಎಲ್ಲರ ಕಣ್ಣಿಗೆ ತೆರೆದಿರಬೇಕೆಂಬುದೇ ನಮ್ಮ ಬೇಡಿಕೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಲಿನಕ್ಸ್ ಇರುವ ಕಂಪ್ಯೂಟರಿನ 'ಸಿಸ್' ಕಡತಕೋಶದಲ್ಲಿ ಸಾಧನಗಳ 'ಪವರ್' ಎಂಬ ಉಪಕೋಶಗಳನ್ನು ತೆರೆಯಿರಿ. ಅಲ್ಲಿ 'ಕಂಟ್ರೋಲ್' ಕಡತದಲ್ಲಿ 'ಆಟೊ' ಎಂದಿದ್ದರೆ ಸಾಧನ ಮಲಗಬಹುದು. 'ಆನ್' ಎಂದಿದ್ದರೆ ಅದಕ್ಕೆ ನಿದ್ರೆ ನಿಷೇಧ. ನೋಡಿ, ಬರೆದುಕೊಳ್ಳಿ, ಏಕೆಂದು ಗುರುಗಳನ್ನು ಕೇಳಿ. ಪೋಲಾದುದು ತಾನಾಗಿ ಬಂದು ಹೇಳಿಕೊಳ್ಳುವುದಿಲ್ಲ. ಹುಡುಕಿ ನೋಡುವವರು ಬೇಕು.