ನಮ್ಮ ಊರಿನ ಆಕಾಶ

(ಶತಮಾನೋತ್ಸವದ ಚಿತ್ರಕಲಾ ಪ್ರದರ್ಶನದ ಆರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ಪ್ರದರ್ಶನಕ್ಕಾಗಿ ‘ನಮ್ಮ ಊರು’ ಎಂಬ ವಿಷಯ ಕೊಟ್ಟು ಮಕ್ಕಳಿಂದ ಚಿತ್ರ ತೆಗೆಸಿದೆವು. ಬಂದವುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಎರಡು ಮುಮ್ಮೂಲೆ ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲೊಂದು ಗುಡಿಸಲು. ಇಚಲಕರಂಜಿಯ ಮಗ್ಗವಾಗಲಿ, ಕಬ್ಬಿನ ಹೊಲವಾಗಲಿ ಅಲ್ಲಿರಲಿಲ್ಲ. ತಪ್ಪು ಮಕ್ಕಳದಲ್ಲ, ಆ ಬೆಟ್ಟಗಳನ್ನು ಹಲಗೆಯ ಮೇಲೆ ಬರೆದು ಕಲಿಸಿದವರು ನಾವೇ.

ಒಬ್ಬ ಬಾಲಕಿ ಮಾತ್ರ ಮಾಳಿಗೆಯ ಮೇಲೆ ನಿಂತು ಕಂಡದ್ದನ್ನು ತೆಗೆದಿದ್ದಳು. ಕೆಳಗೆ ಸಾಲಾಗಿ ತಗಡಿನ ಮನೆಗಳು, ಸೈಜಿಂಗಿನ ಚಿಮಣಿ, ಒಣಹಾಕಿದ ಬಟ್ಟೆ. ಮೇಲೆ ಕಾಗದದ ಬಹುಭಾಗ ಬರಿಯ ಆಕಾಶ. “ಇಷ್ಟೊಂದು ಜಾಗ ಖಾಲಿ ಏಕೆ ಬಿಟ್ಟೆ?” ಎಂದು ಕೇಳಿ ಕಡಿಮೆ ಗುಣ ಕೊಟ್ಟೆವು. “ಖಾಲಿ ಅಲ್ರಿ ಅಕ್ಕೋರೆ, ಮೋಡ ಅದಾವು” ಎಂದಳು.

ಆ ಮಾತು ನಮ್ಮನ್ನು ಕಾಡಿತು. ಅದು ಹಾಲೆಂಡಿನ ಹಳೆಯ ಚಿತ್ರವೊಂದನ್ನು ನೆನಪಿಗೆ ತಂದಿತು. ಸಮತಟ್ಟಾದ ಆ ನಾಡಿನಲ್ಲಿ 17ನೆಯ ಶತಮಾನದ ಕೆಲವು ಚಿತ್ರಕಾರರು ದಿಣ್ಣೆಯ ಮೇಲಿಂದ ಕಾಣುವ ತಮ್ಮ ಬಯಲೇ ಚಿತ್ರಕ್ಕೆ ಯೋಗ್ಯವೆಂದು ಬಗೆದರು. ಯಾಕೊಬ್ ವಾನ್ ರೂಯ್ಸ್‌ಡಾಲ್ ಎಂಬವನು 1670ರ ಸುಮಾರಿಗೆ ತನ್ನ ಹಾರ್ಲೆಮ್ ಪಟ್ಟಣದ ನೋಟವನ್ನು ಬರೆದನು. ಚಿತ್ರ ಸುಮಾರು ಎರಡು ಅಡಿ ಅಗಲ, ಅಷ್ಟೇ. ಕ್ಷಿತಿಜದ ಗೆರೆಯನ್ನು ಕೆಳಗಿಳಿಸಿ, ಮೂರರಲ್ಲಿ ಎರಡು ಪಾಲನ್ನು ಮೋಡಗಳಿಗೇ ಬಿಟ್ಟಿದ್ದಾನೆ. ಮೋಡ ಸರಿದಲ್ಲಿ ನೆಲಕ್ಕೆ ಬಿಸಿಲು, ಕವಿದಲ್ಲಿ ನೆರಳು. ಇದರಿಂದಲೇ ಅಷ್ಟು ಚಿಕ್ಕ ಚಿತ್ರದಲ್ಲಿ ಹರದಾರಿಗಟ್ಟಲೆ ಬಯಲು ಹರಡಿಕೊಳ್ಳುತ್ತದೆ. ದೂರದಲ್ಲಿ ಊರಿನ ದೊಡ್ಡ ಚರ್ಚು. ಮುಂದೆ, ಬಿಸಿಲು ಬಿದ್ದ ಹೊಲದಲ್ಲಿ, ಬಿಳುಪಾಗಲೆಂದು ಹಾಸಿದ ನಾರುಬಟ್ಟೆಯ ಉದ್ದುದ್ದ ಪಟ್ಟಿಗಳು! ಬಟ್ಟೆಯನ್ನು ಬಿಳುಪು ಮಾಡುವ ಕೆಲಸಕ್ಕೆ ಹಾರ್ಲೆಮ್ ಹೆಸರಾಗಿತ್ತು. ತನ್ನ ಊರಿನ ಆ ದುಡಿಮೆಯನ್ನು ಚಿತ್ರಕಾರ ಮರೆಮಾಡಲಿಲ್ಲ, ಬೆಳಕಿನಲ್ಲಿಟ್ಟನು. ನಮ್ಮ ಬಾಲಕಿ ಮಾಡಿದ್ದೂ ಅದನ್ನೇ ಅಲ್ಲವೇ?

ಇದು ಪರದೇಶದ ಮಾತೇ ಆಗಬೇಕಿಲ್ಲ. ಕೊಲ್ಹಾಪುರದ ಅಬಾಲಾಲ ರಹಿಮಾನರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮರಳಿ ಬಂದು, ಶಾಹೂ ಮಹಾರಾಜರ ಆಶ್ರಯ ಪಡೆದು, ಕೋಟಿತೀರ್ಥದ ಕೆರೆಯನ್ನೂ ಸುತ್ತಲಿನ ನೆಲವನ್ನೂ ಮತ್ತೆ ಮತ್ತೆ ಬರೆದರು. 1922ರಲ್ಲಿ ಮಹಾರಾಜರು ತೀರಿಕೊಂಡಾಗ, ಆ ದುಃಖದಲ್ಲಿ ಅನೇಕ ಚಿತ್ರಗಳನ್ನು ಅದೇ ಕೆರೆಗೆ ಹಾಕಿದರೆಂದು ಹೇಳುತ್ತಾರೆ. ಹಾಗೆ ಹೋದ ಚಿತ್ರಗಳೊಡನೆ ಅಂದಿನ ಕೊಲ್ಹಾಪುರದ ಒಂದು ನೋಟವೂ ಹೋಯಿತು.

ನಮ್ಮ ನಷ್ಟವೂ ಚಿಕ್ಕದಲ್ಲ. ಈ ಸಂಪುಟಕ್ಕಾಗಿ ಶಾಲೆಯ ಹಳೆಯ ಪೆಟ್ಟಿಗೆಗಳನ್ನು ತೆರೆದಾಗ ಸಾಲಾಗಿ ಕುಳಿತ ಗುರುಗಳ, ಮಕ್ಕಳ ಭಾವಚಿತ್ರಗಳು ದೊರೆತವು. ಶಾಲೆಯ ಸುತ್ತ ಅಂದು ಏನಿತ್ತು, ಹೊಲ ಎಲ್ಲಿಗೆ ಮುಗಿಯುತ್ತಿತ್ತು, ತೋರಿಸುವ ಒಂದು ಚಿತ್ರವೂ ಇಲ್ಲ.

ಆದ್ದರಿಂದ ಒಂದು ಸಂಕಲ್ಪ ಮಾಡಿದ್ದೇವೆ. ಪ್ರತಿವರ್ಷ ಏಳನೆಯ ತರಗತಿಯ ಮಕ್ಕಳು ಶಾಲೆಯ ಮಾಳಿಗೆಯಿಂದ ಕಾಣುವ ಊರನ್ನು ತೆಗೆಯುವರು. ಗಡಹಿಂಗ್ಲಜದ ಕಡೆ ಪ್ರವಾಸ ಹೋದಾಗ ಸಾಮಾನಗಡದ ಮೇಲಿಂದ ಕಾಣುವ ಬಯಲನ್ನೂ ತೆಗೆಯುವರು. ಅವುಗಳನ್ನು ದಿನಾಂಕ ಬರೆದು ಕಾದಿಡುವೆವು. ಪರೀಕ್ಷೆ ಸಮೀಪಿಸಿತೆಂದು ಚಿತ್ರಕಲೆಯ ತಾಸನ್ನು ಗಣಿತಕ್ಕೆ ಕೊಡುವ ನಮ್ಮ ರೂಢಿಯನ್ನೂ ಬಿಡುವೆವು. ಪಾಲಕರು ಇದಕ್ಕೆ ಒಪ್ಪಿಗೆ ಕೊಡಬೇಕು.

ಆ ಬಾಲಕಿಯ ಚಿತ್ರವನ್ನು ಇಂದು ಬಾಗಿಲ ಎದುರಿಗೇ ತೂಗುಹಾಕಿದ್ದೇವೆ. ಗುಣವನ್ನೂ ತಿದ್ದಿದ್ದೇವೆ. ಒಳಗೆ ಹೋಗುವ ಮೊದಲು ಅದರ ಮುಂದೆ ಕ್ಷಣಕಾಲ ನಿಲ್ಲಿರಿ, ಮೋಡಗಳನ್ನು ನೋಡಿರಿ.