ಗಲಾಟೆಯಾಗದ ಊರು

ಊರಲ್ಲಿ ಗಲಾಟೆಯಾದರೆ ಸುದ್ದಿ. ಆಗದಿದ್ದರೆ? ಹಾಲಿನವರು ಬರುತ್ತಾರೆ, ಅಂಗಡಿಗಳು ಬಾಗಿಲು ತೆರೆಯುತ್ತವೆ. ಅದನ್ನು ಯಾರೂ ಬರೆದಿಡುವುದಿಲ್ಲ.

ರಾಜ್ಯಶಾಸ್ತ್ರದ ವಿದ್ವಾಂಸ ಅಶುತೋಷ್ ವಾರ್ಷ್ಣೇಯ ಬರೆದಿಟ್ಟರು. ಕೋಮುಗಲಭೆಗಳ ಬೆನ್ನುಹತ್ತಿದ ಅವರು, ಹೊತ್ತಿ ಉರಿದ ಊರಿನ ಪಕ್ಕದಲ್ಲಿ ತಣ್ಣಗಿದ್ದ ಊರನ್ನೂ ಇಟ್ಟು ನೋಡಿದರು. ಅಲಿಗಢದ ಜೊತೆ ಕಲ್ಲಿಕೋಟೆ. ಎರಡೂ ಕಡೆ ಹಿಂದೂ ಮುಸ್ಲಿಮರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೂ ಒಂದೂರಲ್ಲಿ ಮತ್ತೆ ಮತ್ತೆ ಗಲಭೆ, ಇನ್ನೊಂದೂರಲ್ಲಿ ನೆಮ್ಮದಿ. ಯಾಕೆ?

ಕಲ್ಲಿಕೋಟೆಯವರು ನಮಗಿಂತ ದೊಡ್ಡ ಮನಸ್ಸಿನವರು ಅಂತಲ್ಲ. ಅಲ್ಲಿ ವರ್ತಕರ ಸಂಘ, ಹಮಾಲರ ಸಂಘ, ಓದುಗರ ಕೂಟ, ಎಲ್ಲದರಲ್ಲೂ ಎರಡೂ ಕಡೆಯವರಿದ್ದರು. ನಾವು ಆಕಳಿಸುತ್ತಾ ಕೂರುವ ವಾರ್ಷಿಕ ಸಭೆಗಳಿವೆಯಲ್ಲ, ಅಂಥವೇ. ವದಂತಿಯೊಂದು ಹಬ್ಬಿದರೆ, ನಿಜವೇನೆಂದು ಕೇಳಲು ಆಚೆ ಕೇರಿಯಲ್ಲಿ ಪರಿಚಯದವರೊಬ್ಬರು ಇರುತ್ತಿದ್ದರು. ವರ್ಷಗಟ್ಟಲೆ ದುಡಿದು ವಾರ್ಷ್ಣೇಯ ಈ ಮಾತನ್ನು 2002ರ ಪುಸ್ತಕದಲ್ಲಿ ಹೇಳಿದರು. ಬರೀ ನೆರೆಹೊರೆಯ ನಮಸ್ಕಾರ ಹಳ್ಳಿಗೆ ಸಾಕಾದೀತು, ದೊಡ್ಡ ಪಟ್ಟಣಕ್ಕೆ ಸಾಲದು ಎಂದೂ ಸೇರಿಸಿದರು.

ಮುಂಬಯಿ ಹತ್ತಿರದ ಭಿವಂಡಿಯ ಕತೆಯೂ ಆ ಪುಸ್ತಕದಲ್ಲಿದೆ. 1984ರಲ್ಲಿ ಆ ನೇಕಾರರ ಊರು ಗಲಭೆಯಲ್ಲಿ ಬೆಂದಿತ್ತು. ಆಮೇಲೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಮೊಹಲ್ಲಾಗಳಲ್ಲಿ ಎರಡೂ ಕಡೆಯವರ ಸಮಿತಿ ಕಟ್ಟಿದರು. ಜನ ಸೇರಿದರು, ಮಾತಾಡಿದರು, ಮನೆಗೆ ಹೋದರು. ವರದಿ ಮಾಡುವಂಥದ್ದೇನೂ ಇರಲಿಲ್ಲ.

1992ರ ಡಿಸೆಂಬರಿನಲ್ಲಿ ಮುಂಬಯಿ ಹೊತ್ತಿಕೊಂಡಿತು. ಭಿವಂಡಿ ಶಾಂತವಾಗಿಯೇ ಇತ್ತು.