ಮೇಲೆ ಬೀಳುವುದೋ, ತಡೆದು ನಿಲ್ಲುವುದೋ?

(ಧಾರವಾಡದ ಕೆಲಗೇರಿಯಲ್ಲಿ ಕುಸ್ತಿ ಅಭಿಮಾನಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಕುಸ್ತಿ ಬಲ್ಲವರಲ್ಲಿ ಎರಡು ಪಂಗಡ. ಮುನ್ನುಗ್ಗಿ ಪಟ್ಟು ಹಾಕದವನು ಎಂಥ ಪೈಲ್ವಾನ ಎನ್ನುವವರು ಒಂದು ಕಡೆ. ಎದುರಾಳಿ ದಣಿಯುವವರೆಗೆ ತಡೆದು ನಿಲ್ಲುವುದೇ ಜಾಣತನ ಎನ್ನುವವರು ಇನ್ನೊಂದು ಕಡೆ. ಹುಡುಗರು ಮಣ್ಣಿನ ಕಣದಿಂದ ಮ್ಯಾಟಿಗೆ ಹೋಗತೊಡಗಿದ ಮೇಲೆ ಈ ವಾದ ಬರೀ ಹರಟೆಯಾಗಿ ಉಳಿದಿಲ್ಲ.

ಮಣ್ಣಿನ ನಿಖಾಲಿ ಕುಸ್ತಿಯಲ್ಲಿ ಅಂಕಗಳ ಲೆಕ್ಕವಿಲ್ಲ. ಎದುರಾಳಿಯನ್ನು ಚಿತ್ ಮಾಡಬೇಕು, ಅಷ್ಟೇ. ಹೀಗಾಗಿ ಕಾಯುವುದಕ್ಕೆ ದಂಡವಿಲ್ಲ. ಸೊಂಟ ತಗ್ಗಿಸಿ, ಉಸಿರು ಉಳಿಸಿಕೊಂಡು ನಿಲ್ಲುವುದೂ ಅಲ್ಲಿ ಒಂದು ವಿದ್ಯೆ.

ಮ್ಯಾಟಿನ ಫ್ರೀಸ್ಟೈಲ್ ಕುಸ್ತಿಯಲ್ಲಿ ಹಾಗಲ್ಲ. ತಲಾ 3 ನಿಮಿಷಗಳ ಎರಡು ಸುತ್ತು. ಸುಮ್ಮನೆ ಹಿಂದೆ ಸರಿಯುವವನಿಗೆ ರೆಫ್ರಿ ಮೊದಲು ಎಚ್ಚರಿಕೆ ಕೊಡುತ್ತಾರೆ. ಆಮೇಲೆ 30 ಸೆಕೆಂಡಿನ ಗಡುವು. ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ 1 ಅಂಕ. 9 ಮೀಟರ್ ವ್ಯಾಸದ ವೃತ್ತ ದಾಟಿ ಕಾಲಿಟ್ಟರೂ 1 ಅಂಕ ಹೋಯಿತು.

ಇಷ್ಟು ಅವಸರ ಏಕೆ? 2013ರ ಫೆಬ್ರುವರಿಯಲ್ಲಿ ಕುಸ್ತಿಯನ್ನು ಒಲಿಂಪಿಕ್ಸ್‌ನಿಂದ ಕೈಬಿಡುವ ಶಿಫಾರಸು ಬಂದಿತ್ತು. ನೋಡುಗರನ್ನು ಹಿಡಿದಿಡುವಂತೆ ನಿಯಮ ಬದಲಾದವು. ಸೆಪ್ಟೆಂಬರಿನಲ್ಲಿ ಸ್ಥಾನ ಮರಳಿ ಸಿಕ್ಕಿತು.

ಹಾಗಾದರೆ ಮ್ಯಾಟಿನಲ್ಲಿ ರಕ್ಷಣೆಗೆ ಬೆಲೆಯೇ ಇಲ್ಲವೇ? ಇದೆ. ಎದುರಾಳಿ ಕಾಲಿಗೆ ಕೈ ಹಾಕಿದಾಗ ಕಾಲು ಹಿಂದಕ್ಕೆ ಚಾಚಿ, ಎದೆಯ ಭಾರ ಅವನ ಮೇಲೆ ಹಾಕಿ, ಸುತ್ತಿ ಬೆನ್ನ ಹಿಂದೆ ಹೋದವನಿಗೆ 2 ಅಂಕ. ಎಂದರೆ ನಿಯಮ ದಂಡಿಸುವುದು ತಡೆಯುವವನನ್ನಲ್ಲ, ತಡೆದು ಸುಮ್ಮನಾಗುವವನನ್ನು.

ಕೊಲ್ಲಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟೂ ಹೊಸದು, ಅಲ್ಲಿಯ ನಿಯಮವೂ ಹೊಸದು. ಆರನೆಯ ಸ್ಥಾನ ಬಂತು. 1952ರಲ್ಲಿ ಹೆಲ್ಸಿಂಕಿಯಿಂದ ಅವರು ಕಂಚು ತಂದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕ ಅದು. ಮಣ್ಣಿನ ಕಸುವು ಅವರಲ್ಲಿ ಮೊದಲೇ ಇತ್ತು. ಕಲಿಯಬೇಕಾದದ್ದು ಮ್ಯಾಟಿನ ರೀತಿ.

ಚಿತ್ ಆಗದೆ ಉಳಿಯುವುದು ಮಣ್ಣಿನಲ್ಲಿ ಮರ್ಯಾದೆ. ಮ್ಯಾಟಿನಲ್ಲಿ ಚಿತ್ ಆಗದೆಯೂ ಸೋಲಬಹುದು. ಇದು ತಿಳಿಯದೆ ಒಳ್ಳೆಯ ಹುಡುಗನೊಬ್ಬ ಒಂದೇ ಅಂಕದಿಂದ ಮನೆಗೆ ಮರಳಬಾರದು. ಉಸ್ತಾದರಲ್ಲಿ ನನ್ನ ವಿನಂತಿ ಇಷ್ಟೇ: ತಡೆಯುವ ವಿದ್ಯೆ ಬಿಡಿಸಬೇಡಿ. ವಾರಕ್ಕೆ ಎರಡು ದಿನವಾದರೂ ಕಣದ ಪಕ್ಕದಲ್ಲಿ ಒಂದು ಗಡಿಯಾರ ಇಡಿ.